ಓಡುವ ಕ್ವಾರ್ಟರ್‌ಬ್ಯಾಕ್‌ನ ಎದುರು ಅರವತ್ತು ವರ್ಷ

1961ರ ಸೆಪ್ಟೆಂಬರ್ 17ರಂದು ಅಮೆರಿಕನ್ ಫುಟ್‌ಬಾಲ್‌ನ ಮಿನೆಸೋಟಾ ವೈಕಿಂಗ್ಸ್ ತಂಡ ತನ್ನ ಮೊತ್ತಮೊದಲ ಲೀಗ್ ಪಂದ್ಯವನ್ನು ಆಡಿತು. ಎದುರಾಳಿ, ಜಾರ್ಜ್ ಹಾಲಸ್ ಕಟ್ಟಿ ಬೆಳೆಸಿದ ಶಿಕಾಗೋ ಬೇರ್ಸ್. ನಿನ್ನೆ ಮೊನ್ನೆ ಹುಟ್ಟಿದ ತಂಡದಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಬೆಂಚಿನಿಂದ ಎದ್ದು ಬಂದ ಇಪ್ಪತ್ತೊಂದರ ಫ್ರಾನ್ ಟಾರ್ಕೆಂಟನ್ ನಾಲ್ಕು ಟಚ್‌ಡೌನ್‌ಗಳನ್ನು ಎಸೆದರು, ಐದನೆಯದನ್ನು ತಾವೇ ಓಡಿ ಗಳಿಸಿದರು. ವೈಕಿಂಗ್ಸ್ 37–13ರಿಂದ ಗೆದ್ದಿತು. ಆ ದಿನ ಬೇರ್ಸ್ ಕಂಡದ್ದು ಅಂಕಪಟ್ಟಿಗಿಂತ ದೊಡ್ಡ ತೊಂದರೆ. ಕ್ವಾರ್ಟರ್‌ಬ್ಯಾಕ್ ಎಂದರೆ ಐವರು ಲೈನ್‌ಮನ್‌ಗಳು ಕಟ್ಟಿದ ಗೋಡೆಯ ಹಿಂದೆ ನಿಂತು, ಚೆಂಡು ಎಸೆದು, ಪೆಟ್ಟು ತಿನ್ನುವವನು ಎಂಬ ಕಾಲವದು. ಟಾರ್ಕೆಂಟನ್ ನಿಲ್ಲಲಿಲ್ಲ. ಎಡಕ್ಕೆ ಓಡಿ, ಹಿಂದಕ್ಕೆ ಸರಿದು, ಮತ್ತೆ ಬಲಕ್ಕೆ ತಿರುಗಿ, ಬೆನ್ನಟ್ಟಿದ ದೈತ್ಯರು ಏದುಸಿರು ಬಿಡುವ ಹೊತ್ತಿಗೆ ಚೆಂಡನ್ನು ದೂರದವನಿಗೆ ತಲುಪಿಸುತ್ತಿದ್ದರು. ಸ್ವತಃ ಗೋಡೆಯ ಹಿಂದೆ ನಿಂತೇ ಹೆಸರು ಮಾಡಿದ್ದ ಅವರ ಕೋಚ್ ನಾರ್ಮ್ ವ್ಯಾನ್ ಬ್ರಾಕ್ಲಿನ್ ಅವರಿಗೆ ಇದು ಸರಿಬರಲಿಲ್ಲ. ಇಬ್ಬರ ನಡುವಿನ ಮುನಿಸು ಬೆಳೆದು, 1967ರಲ್ಲಿ ಟಾರ್ಕೆಂಟನ್ ನ್ಯೂಯಾರ್ಕ್ ಜೈಂಟ್ಸ್ ಪಾಲಾದರು. ಓಡುವ ಕ್ವಾರ್ಟರ್‌ಬ್ಯಾಕ್‌ನನ್ನು ಸೋಲಿಸುವುದು ಹೇಗೆ ಎಂಬ ಚಿಂತೆ ಎದುರಾಳಿಗಳಲ್ಲಿ ಮೂಡುವ ಮೊದಲೇ, ಅವನನ್ನು ನಂಬುವುದು ಹೇಗೆ ಎಂಬ ಚಿಂತೆ ಅವನ ಸ್ವಂತ ತಂಡದಲ್ಲಿ ಮೂಡಿತ್ತು. ಈ ಎರಡೂ ಚಿಂತೆಗಳು ಅಂದಿನಿಂದ ಜೊತೆಯಾಗಿಯೇ ಬೆಳೆದಿವೆ.

ಆಟವನ್ನು ಬಲ್ಲವರಿಗೆ ಇದರ ಮೂಲ ಲೆಕ್ಕ ಹೊಸದಲ್ಲ. ಎರಡೂ ಕಡೆ ಹನ್ನೊಂದು ಮಂದಿ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಬೇರೊಬ್ಬನ ಕೈಗೆ ಕೊಟ್ಟು ಸುಮ್ಮನೆ ನಿಂತರೆ ಅವನು ಲೆಕ್ಕದಿಂದ ಹೊರಗೆ. ಚೆಂಡು ಹಿಡಿದವನನ್ನೂ ಕಳೆದರೆ, ಹನ್ನೊಂದು ಮಂದಿ ರಕ್ಷಕರನ್ನು ತಡೆಯಲು ಉಳಿಯುವವರು ಒಂಬತ್ತೇ ಮಂದಿ. ಆ ಹೆಚ್ಚಿನ ಇಬ್ಬರ ಮೇಲೆಯೇ ರಕ್ಷಣೆಯ ಎಲ್ಲ ಯೋಜನೆಗಳೂ ನಿಂತಿದ್ದವು. ಕ್ವಾರ್ಟರ್‌ಬ್ಯಾಕ್ ತಾನೇ ಓಡತೊಡಗಿದ ಕ್ಷಣ ಆ ಇಬ್ಬರಲ್ಲಿ ಒಬ್ಬ ಕಡಿಮೆಯಾಗುತ್ತಾನೆ. ಅದೊಂದೇ ಅಲ್ಲ, ಎಸೆತ ಹಿಡಿಯುವವರ ಬೆನ್ನು ಹತ್ತಿ ಮೈದಾನದ ಆಳಕ್ಕೆ ಓಡುವ ರಕ್ಷಕರು ಕ್ವಾರ್ಟರ್‌ಬ್ಯಾಕ್‌ಗೆ ಬೆನ್ನು ತೋರಿಸುತ್ತಾರೆ, ಅವರು ತಿರುಗಿ ನೋಡುವಷ್ಟರಲ್ಲಿ ಅವನು ಹದಿನೈದು ಯಾರ್ಡ್ ದಾಟಿರುತ್ತಾನೆ. ಮೂರನೇ ಡೌನ್‌ನಲ್ಲಿ ಎಂಟು ಯಾರ್ಡ್ ಬೇಕಿರುವಾಗ, ಎಲ್ಲವನ್ನೂ ಸರಿಯಾಗಿ ಮಾಡಿದ ಡಿಫೆನ್ಸ್ ಕೂಡ ಒಬ್ಬ ಮನುಷ್ಯನ ಕಾಲಿಗೆ ಸೋಲುತ್ತದೆ. ಕೋಚ್‌ಗಳ ಮನಸ್ಸನ್ನು ಇಷ್ಟು ಕುಗ್ಗಿಸುವ ಸಂಗತಿ ಈ ಆಟದಲ್ಲಿ ಬೇರೆ ಇಲ್ಲ.

ಇದಕ್ಕೆ ಮೊದಲು ಉತ್ತರ ಹುಡುಕಿದ್ದು ವೃತ್ತಿಪರ ಲೀಗ್ ಅಲ್ಲ, ಕಾಲೇಜುಗಳು. 1968ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಎಮರಿ ಬೆಲ್ಲಾರ್ಡ್ ರೂಪಿಸಿದ ವಿಶ್‌ಬೋನ್ ಪದ್ಧತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಪ್ರತಿ ಬಾರಿಯೂ ಮೂರು ದಾರಿಗಳ ನಡುವೆ ಆರಿಸಿಕೊಳ್ಳುತ್ತಿದ್ದ: ನಡುವೆ ನುಗ್ಗುವ ಫುಲ್‌ಬ್ಯಾಕ್‌ಗೆ ಕೊಡುವುದು, ತಾನೇ ಇಟ್ಟುಕೊಂಡು ಓಡುವುದು, ಇಲ್ಲವೇ ಅಂಚಿನಲ್ಲಿ ಓಡಿ ಬರುವವನಿಗೆ ಪಿಚ್ ಮಾಡುವುದು. ಟೆಕ್ಸಾಸ್ ಸತತ 30 ಪಂದ್ಯ ಗೆದ್ದಿತು. ಆ ಸರಣಿಯನ್ನು 1971ರ ಜನವರಿ 1ರಂದು ಕಾಟನ್ ಬೌಲ್‌ನಲ್ಲಿ 24–11ರಿಂದ ಮುರಿದದ್ದು ನಾಟ್ರ ಡೇಮ್. ಕೋಚ್ ಆರಾ ಪಾರ್ಸೇಗಿಯನ್ ತಮ್ಮ ರಕ್ಷಕರನ್ನು ವಿಶ್‌ಬೋನ್‌ನ ಪ್ರತಿಬಿಂಬದಂತೆ ನಿಲ್ಲಿಸಿದರು. ಎದುರಿನ ಪ್ರತಿಯೊಬ್ಬ ಓಟಗಾರನಿಗೂ ಒಬ್ಬೊಬ್ಬ ಹೊಣೆಗಾರ. ಚೆಂಡು ಎಲ್ಲಿದ್ದರೂ ಸರಿ, ಅವನು ತನ್ನವನನ್ನು ಬಿಡುವಂತಿಲ್ಲ. ಟೆಕ್ಸಾಸ್ ಆಟಗಾರರ ಕೈಯಿಂದ ಚೆಂಡು ಮತ್ತೆ ಮತ್ತೆ ಜಾರಿತು. ಆ ಪಂದ್ಯ ಕಲಿಸಿದ ಪಾಠವನ್ನು ಅಮೆರಿಕದ ಊರೂರಿನ ಹೈಸ್ಕೂಲು ಮೈದಾನಗಳಲ್ಲಿ ಇಂದಿಗೂ ಹೇಳಿಕೊಡುತ್ತಾರೆ: ಚೆಂಡನ್ನು ನೋಡಬೇಡ, ನಿನ್ನ ಕೆಲಸವನ್ನು ನೋಡು. ಕೇಳಲು ಸುಲಭ. ಹದಿನೇಳರ ಹುಡುಗನೊಬ್ಬ ನಲವತ್ತು ಬಾರಿ ಬರಿಗೈಯವನನ್ನೇ ಕೆಡವಿ, ನಲವತ್ತೊಂದನೆಯ ಬಾರಿಯೂ ಬೇಸರಿಸದೆ ಅದನ್ನೇ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಆಡಿದವರೇ ಬಲ್ಲರು.

ಇನ್ನೊಂದು ಉತ್ತರ ಮಯಾಮಿಯಿಂದ ಬಂತು. ಅದೇ ವಿಶ್‌ಬೋನ್ ಆಡುತ್ತಿದ್ದ ಬ್ಯಾರಿ ಸ್ವಿಟ್ಜರ್ ಅವರ ಒಕ್ಲಹೋಮ ತಂಡ 1985, 1986 ಮತ್ತು 1987ರ ಮೂರೂ ಸೀಸನ್‌ಗಳಲ್ಲಿ ಒಂದೊಂದೇ ಪಂದ್ಯ ಸೋತಿತು. ಮೂರೂ ಬಾರಿ ಸೋಲಿಸಿದ್ದು ಜಿಮ್ಮಿ ಜಾನ್ಸನ್ ಅವರ ಮಯಾಮಿ. ಜಾನ್ಸನ್ ದಪ್ಪ ಮೈಯವರನ್ನು ಹುಡುಕಲಿಲ್ಲ, ವೇಗದವರನ್ನು ಹುಡುಕಿದರು. ಸೇಫ್ಟಿಯಾಗಿ ಆಡುತ್ತಿದ್ದವನನ್ನು ಲೈನ್‌ಬ್ಯಾಕರ್ ಮಾಡಿದರು, ಲೈನ್‌ಬ್ಯಾಕರನನ್ನು ಡಿಫೆನ್ಸಿವ್ ಎಂಡ್ ಮಾಡಿದರು. ಓಡುವವನು ಅಂಚು ತಲುಪುವ ಮೊದಲೇ ಅಲ್ಲಿ ಯಾರಾದರೂ ಇರುತ್ತಿದ್ದರು. ಶಿಸ್ತು ಒಂದು ಕಡೆ, ವೇಗ ಇನ್ನೊಂದು ಕಡೆ. ಮುಂದಿನ ಎಲ್ಲ ಯೋಜನೆಗಳೂ ಈ ಎರಡು ಬೇರುಗಳಿಂದಲೇ ಚಿಗುರಿದವು. ಎರಡೂ ಕೈಕೊಟ್ಟ ದಿನಗಳೂ ಇವೆ. 1996ರ ಜನವರಿ 2ರ ಫಿಯೆಸ್ಟಾ ಬೌಲ್‌ನಲ್ಲಿ ನೆಬ್ರಾಸ್ಕಾದ ಟಾಮಿ ಫ್ರೇಜಿಯರ್ ಫ್ಲಾರಿಡಾ ತಂಡದ ಎದುರು 199 ಯಾರ್ಡ್ ಓಡಿದರು. ಹಿಡಿದವರನ್ನೆಲ್ಲ ಕೊಡವಿಕೊಂಡು ಓಡಿದ 75 ಯಾರ್ಡ್‌ಗಳ ಆ ಒಂದು ಟಚ್‌ಡೌನ್ ನೋಡಿದವರ ಕಣ್ಣಿನಿಂದ ಇನ್ನೂ ಮಾಸಿಲ್ಲ. ಅಂಕ 62–24.

ಆದರೆ ಕಾಲೇಜಿನಲ್ಲಿ ಮೆರೆದ ಇಂಥವರನ್ನು ವೃತ್ತಿಪರ ಲೀಗ್ ಹೇಗೆ ನಡೆಸಿಕೊಂಡಿತು ಎಂಬುದನ್ನು ಹೇಳದೆ ಈ ಸಿಂಹಾವಲೋಕನ ಪ್ರಾಮಾಣಿಕವಾಗದು. ಓಡಬಲ್ಲ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅನೇಕರು ಕಪ್ಪು ವರ್ಣೀಯರು. ಕಾಲು ಚುರುಕಾದವನಿಗೆ ತಲೆ ಮಂದ ಎಂಬ ನಂಬಿಕೆ ಬಹುಕಾಲ ಯಾರೂ ಪ್ರಶ್ನಿಸದೆ ಚಲಾವಣೆಯಲ್ಲಿತ್ತು. 1968ರಲ್ಲಿ ಡೆನ್ವರ್ ಬ್ರಾಂಕೋಸ್‌ನ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ ಸೈ ಎನಿಸಿಕೊಂಡ ಮಾರ್ಲಿನ್ ಬ್ರಿಸ್ಕೋ ಅವರಿಗೆ ಮರುವರ್ಷವೇ ಆ ಸ್ಥಾನ ತಪ್ಪಿತು. ಮುಂದೆ ಅವರು ಬದುಕು ಕಟ್ಟಿಕೊಂಡದ್ದು ಎಸೆತ ಹಿಡಿಯುವ ರಿಸೀವರ್ ಆಗಿ. ವಾರನ್ ಮೂನ್ 1978ರಲ್ಲಿ ಯಾವ ತಂಡವೂ ಆರಿಸದೆ ಕೆನಡಾಕ್ಕೆ ಹೋಗಬೇಕಾಯಿತು, ಅಲ್ಲಿ ಎಡ್ಮಂಟನ್ ತಂಡದೊಡನೆ ಐದು ಗ್ರೇ ಕಪ್ ಗೆದ್ದ ಮೇಲೆ ಇಲ್ಲಿ ಬಾಗಿಲು ತೆರೆಯಿತು. ಲಮಾರ್ ಜಾಕ್ಸನ್ ರಿಸೀವರ್ ಆಗುವುದೇ ಲೇಸು ಎಂದು ಬಿಲ್ ಪೋಲಿಯನ್ ಅವರಂಥ ಹಿರಿಯರು ಟಿವಿಯಲ್ಲಿ ಹೇಳಿದ್ದು 2018ರಲ್ಲಿ, ಅಂದರೆ ಬ್ರಿಸ್ಕೋ ಅವರ ಕಾಲದ ಐವತ್ತು ವರ್ಷಗಳ ಬಳಿಕ. ಮರುವರ್ಷ ಪೋಲಿಯನ್ ತಮ್ಮ ಮಾತು ತಪ್ಪೆಂದು ಒಪ್ಪಿಕೊಂಡರು, ಅದು ಅವರ ದೊಡ್ಡತನ. ‘ಅವನನ್ನು ಓಡಲು ಬಿಡಬೇಡಿ, ಎಸೆಯಲು ಬಿಡಿ’ ಎಂಬ ಯೋಜನೆಯನ್ನು ಬರೆಯುವಾಗ ಅದರಲ್ಲಿ ಲೆಕ್ಕಾಚಾರ ಎಷ್ಟು, ತಾತ್ಸಾರ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವ ಅಭ್ಯಾಸ ಈ ಲೀಗ್‌ಗೆ ತಡವಾಗಿ ಬಂತು. ಆ ತಡದಲ್ಲಿ ಎಷ್ಟು ಮಂದಿ ಪ್ರತಿಭಾವಂತರು ಕಳೆದುಹೋದರೋ, ಅವರ ಆಟವನ್ನು ನೋಡುವ ಭಾಗ್ಯ ನಮಗಾರಿಗೂ ಇನ್ನಿಲ್ಲ.

ಎಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಬಂದ ಕನ್ನಡಿಗರಲ್ಲಿ ಹಲವರು ಈ ಆಟವನ್ನು ಅರ್ಥ ಮಾಡಿಕೊಂಡದ್ದು ಫಿಲಡೆಲ್ಫಿಯಾ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ರ‍್ಯಾಂಡಲ್ ಕನ್ನಿಂಗ್‌ಹ್ಯಾಮ್ ಅವರನ್ನು ನೋಡಿಯೇ. ನಿಯಮ ತಿಳಿಯದವರಿಗೂ ಓಟ ತಿಳಿಯುತ್ತದೆ. 1988ರ ಅಕ್ಟೋಬರ್ 10ರ ಸೋಮವಾರ ರಾತ್ರಿ ಜೈಂಟ್ಸ್‌ನ ಕಾರ್ಲ್ ಬ್ಯಾಂಕ್ಸ್ ಕಾಲಿಗೆ ಬಿದ್ದು ಹೊಡೆದಾಗ ಕನ್ನಿಂಗ್‌ಹ್ಯಾಮ್ ಒಂದು ಕೈಯನ್ನು ನೆಲಕ್ಕೂರಿ ಎದ್ದು, ಟಚ್‌ಡೌನ್ ಎಸೆದದ್ದು ಯಾರಿಗೆ ನೆನಪಿಲ್ಲ? 1990ರಲ್ಲಿ ಅವರು 942 ಯಾರ್ಡ್ ಓಡಿದರು. ಆದರೂ ಬಡ್ಡಿ ರಯಾನ್ ಕೋಚ್ ಆಗಿದ್ದ ಆ ಈಗಲ್ಸ್ ತಂಡ 1988, 1989, 1990ರ ಮೂರೂ ಪ್ಲೇಆಫ್ ಪಂದ್ಯಗಳಲ್ಲಿ ಸೋತಿತು. ಮೂರರಲ್ಲಿಯೂ ಸೇರಿ ಗಳಿಸಿದ ಅಂಕ 25. ಎದುರಾಳಿಗಳು ಅವರನ್ನು ಹಿಡಿದದ್ದಕ್ಕಿಂತ ಹೆಚ್ಚಾಗಿ, ಅವರ ಸುತ್ತ ಇದ್ದ ಆಟ ಬಡವಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ಒಬ್ಬನ ಕಾಲನ್ನು ನಂಬಿದ ತಂಡವನ್ನು ಸೋಲಿಸಲು ಉಳಿದ ಹತ್ತು ಮಂದಿಯನ್ನು ಸೋಲಿಸಿದರೆ ಸಾಕಾಗುತ್ತಿತ್ತು. ಅದೇ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಯಂಗ್ ಬೇರೊಂದು ಹಾದಿ ತೋರಿಸಿದರು. ಓಡಬಲ್ಲವರು ಓಡದೆ ಕಾಯುವುದನ್ನು ಕಲಿತರು. 1995ರ ಜನವರಿ 29ರ ಸೂಪರ್ ಬೌಲ್‌ನಲ್ಲಿ ಆರು ಟಚ್‌ಡೌನ್ ಎಸೆದಾಗ, ಓಟವೆಂಬುದು ಎಸೆತಕ್ಕೆ ಬದಲಿಯಲ್ಲ, ಅದರ ಬೆನ್ನೆಲುಬು ಎಂಬುದು ಕೊಲ್ಲಿಯ ಸುತ್ತಲಿನ ಕನ್ನಡ ಮನೆಗಳಲ್ಲಿಯೂ ಚರ್ಚೆಯಾಯಿತು.

ಮೈಕಲ್ ವಿಕ್ ಬಂದಮೇಲೆ ಹಳೆಯ ಪಾಠಗಳೆಲ್ಲ ಸಾಲದಾದವು. 2001ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಅವರನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. 2002ರ ಡಿಸೆಂಬರ್ 1ರಂದು ಮಿನಿಯಾಪೊಲಿಸ್‌ನಲ್ಲಿ ಅವರು 173 ಯಾರ್ಡ್ ಓಡಿದರು. ಓವರ್‌ಟೈಮಿನಲ್ಲಿ 46 ಯಾರ್ಡ್ ಓಡಿ ಪಂದ್ಯವನ್ನೇ ಮುಗಿಸಿದಾಗ, ಅವರನ್ನು ಹಿಡಿಯಲು ಎರಡು ಕಡೆಯಿಂದ ಬಂದ ವೈಕಿಂಗ್ಸ್ ಆಟಗಾರರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಬೆನ್ನಟ್ಟುವ ಯೋಜನೆ ಕೊನೆಗೊಂಡದ್ದು ಆ ಡಿಕ್ಕಿಯಲ್ಲಿ ಎನ್ನಬಹುದು. ಸರಿಯಾಗಿ ಒಂದು ವಾರದ ನಂತರ ಟ್ಯಾಂಪಾ ಬೇ ಬಕನೀರ್ಸ್ ಇದೇ ಫಾಲ್ಕನ್ಸ್ ತಂಡವನ್ನು 34–10ರಿಂದ ಸೋಲಿಸಿತು. ಮಾಂಟಿ ಕಿಫಿನ್ ಅವರ ಡಿಫೆನ್ಸ್ ಆಳನ್ನು ಹಿಂಬಾಲಿಸುತ್ತಿರಲಿಲ್ಲ, ಜಾಗವನ್ನು ಕಾಯುತ್ತಿತ್ತು. ಝೋನ್‌ನಲ್ಲಿ ನಿಂತವರೆಲ್ಲರ ಮುಖ ಕ್ವಾರ್ಟರ್‌ಬ್ಯಾಕ್ ಕಡೆಗೇ ಇರುತ್ತದೆ. ಅವನು ಹೆಜ್ಜೆ ಕಿತ್ತ ಕೂಡಲೇ ಹನ್ನೊಂದು ಜೊತೆ ಕಣ್ಣುಗಳು ಅದನ್ನು ಕಾಣುತ್ತವೆ. ಜೊತೆಗೆ ಡೆರಿಕ್ ಬ್ರೂಕ್ಸ್ ಅವರಂಥ ಲೈನ್‌ಬ್ಯಾಕರ್ ಇದ್ದರು, ವಿಕ್ ಅವರಷ್ಟೇ ಅಲ್ಲದಿದ್ದರೂ ಅವರ ದಾರಿಯನ್ನು ಅಳೆಯಬಲ್ಲಷ್ಟು ವೇಗದವರು. ಆ ವರ್ಷದ ಸೂಪರ್ ಬೌಲ್ ಟ್ಯಾಂಪಾ ಪಾಲಾಯಿತು.

ಈ ಪಾಠದ ಅತ್ಯಂತ ಸುಂದರ ಪ್ರಯೋಗ 2005ರ ಜನವರಿ 23ರಂದು ಫಿಲಡೆಲ್ಫಿಯಾದ ಚಳಿಗಾಳಿಯಲ್ಲಿ ನಡೆಯಿತು. ಈಗಲ್ಸ್‌ನ ರಕ್ಷಣೆಯ ಹೊಣೆ ಹೊತ್ತಿದ್ದ ಜಿಮ್ ಜಾನ್ಸನ್ ಬ್ಲಿಟ್ಜ್‌ಗೆ, ಎಂದರೆ ಹೆಚ್ಚಿನ ರಕ್ಷಕರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವುದಕ್ಕೆ, ಹೆಸರಾದವರು. ಆ ದಿನ ಅವರ ಡಿಫೆನ್ಸ್ ತಾಳ್ಮೆಯಿಂದ ಆಡಿತು. ಅಂಚಿನಲ್ಲಿದ್ದ ಎಂಡ್‌ಗಳು ಕ್ವಾರ್ಟರ್‌ಬ್ಯಾಕ್‌ಗಿಂತ ಆಳಕ್ಕೆ ನುಗ್ಗಿ ದಾರಿ ತೆರೆದುಕೊಡದೆ, ಅವರನ್ನು ಒಳಗಡೆಗೇ ಒತ್ತುತ್ತ ಬಂದರು. ಕಬಡ್ಡಿ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ರೇಡರನನ್ನು ಅಟ್ಟಿಸಿಕೊಂಡು ಹೋದವನಿಗೆ ಪಾಯಿಂಟ್ ಸಿಗದು, ಮರಳುವ ದಾರಿಯನ್ನು ಕಾದು ನಿಂತ ಕಾರ್ನರ್‌ಗೆ ಸಿಗುತ್ತದೆ. ವಿಕ್ ಅಂದು ಓಡಿದ್ದು 26 ಯಾರ್ಡ್ ಮಾತ್ರ. ನಾಲ್ಕು ಸಲ ಸ್ಯಾಕ್ ಆದರು. ಈಗಲ್ಸ್ 27–10ರಿಂದ ಗೆದ್ದು ಸೂಪರ್ ಬೌಲ್‌ಗೆ ಹೋಯಿತು. ವಿಕ್ ಮರುವರ್ಷಗಳಲ್ಲಿಯೂ ಓಡಿದರು, 2006ರಲ್ಲಿ 1,039 ಯಾರ್ಡ್ ಓಡಿ ಸಾವಿರ ದಾಟಿದ ಮೊದಲ ಕ್ವಾರ್ಟರ್‌ಬ್ಯಾಕ್ ಎನಿಸಿಕೊಂಡರು. ಆ ಸೀಸನ್‌ನಲ್ಲಿ ಫಾಲ್ಕನ್ಸ್ ಪ್ಲೇಆಫ್ ತಲುಪಲಿಲ್ಲ. ನಂತರ ನಾಯಿ ಕಾದಾಟದ ಪ್ರಕರಣ, ಜೈಲು, ಅದನ್ನಿಲ್ಲಿ ಬೆಳೆಸುವುದಿಲ್ಲ.

2012 ದೊಡ್ಡ ಭರವಸೆಗಳ ವರ್ಷ. ಕಾಲೇಜುಗಳಲ್ಲಿ ರಿಚ್ ರಾಡ್ರಿಗ್ವೆಜ್ ಮೊದಲಾದವರು ಬೆಳೆಸಿದ ರೀಡ್ ಆಪ್ಷನ್ ಒಮ್ಮೆಲೇ ವೃತ್ತಿಪರ ಲೀಗ್‌ಗೆ ಹರಿದು ಬಂತು. ಇದರ ಜಾಣ್ಮೆ ಸರಳ: ಅಂಚಿನ ರಕ್ಷಕನೊಬ್ಬನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ, ಕ್ವಾರ್ಟರ್‌ಬ್ಯಾಕ್ ಅವನನ್ನೇ ನೋಡುತ್ತಾನೆ. ಅವನು ಚೆಂಡು ಪಡೆಯುವವನ ಮೇಲೆ ಬಿದ್ದರೆ ಕ್ವಾರ್ಟರ್‌ಬ್ಯಾಕ್ ತಾನೇ ಓಡುತ್ತಾನೆ, ಕಾದು ನಿಂತರೆ ಚೆಂಡು ಕೊಟ್ಟುಬಿಡುತ್ತಾನೆ. ಏನು ಮಾಡಿದರೂ ತಪ್ಪೇ ಆಗುವಂಥ ಸ್ಥಿತಿಗೆ ಒಬ್ಬ ಮನುಷ್ಯನನ್ನು ತಳ್ಳುವ ಯುಕ್ತಿಯಿದು. ವಾಷಿಂಗ್ಟನ್‌ನಲ್ಲಿ ರಾಬರ್ಟ್ ಗ್ರಿಫಿನ್, ಸಿಯಾಟಲ್‌ನಲ್ಲಿ ರಸೆಲ್ ವಿಲ್ಸನ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಲಿನ್ ಕೇಪರ್ನಿಕ್, ಅವರಿಗಿಂತ ಒಂದು ವರ್ಷ ಮೊದಲೇ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕ್ಯಾರೊಲೈನಾದ ಕ್ಯಾಮ್ ನ್ಯೂಟನ್. ಆಟ ಇನ್ನು ಮುಂದೆ ಹೀಗೆಯೇ ಇರುವುದೆಂದು ಒಂದು ಪಾಳಯ ಸಾರಿತು. ಇದು ಒಂದು ಸೀಸನ್‌ನ ಗೀಳು, ಕೋಚ್‌ಗಳು ಬೇಸಿಗೆಯಲ್ಲಿ ಕುಳಿತು ಯೋಚಿಸಿದರೆ ಕರಗಿಹೋಗುತ್ತದೆ ಎಂದು ಇನ್ನೊಂದು ಪಾಳಯ ಹೇಳಿತು. ಎರಡೂ ಮಾತು ಪೂರ್ತಿ ನಿಜವಾಗಲಿಲ್ಲ.

ಗ್ರೀನ್ ಬೇ ಪ್ಯಾಕರ್ಸ್ ಕಥೆಯನ್ನು ಸ್ವಲ್ಪ ವಿವರವಾಗಿ ನೆನೆಯಬೇಕು, ಏಕೆಂದರೆ ಯೋಜನೆ ಎಂಬುದರ ಸೊಗಸೂ ಮಿತಿಯೂ ಅದರಲ್ಲಿ ಒಟ್ಟಿಗೆ ಕಾಣುತ್ತವೆ. 2013ರ ಜನವರಿ 12ರಂದು ಕೇಪರ್ನಿಕ್ ಆ ತಂಡದ ಎದುರು 181 ಯಾರ್ಡ್ ಓಡಿದರು. ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಅಲ್ಲಿಯವರೆಗೆ ವೃತ್ತಿಪರ ಲೀಗ್‌ನ ಒಂದು ಪಂದ್ಯದಲ್ಲಿ ಅಷ್ಟು ಓಡಿರಲಿಲ್ಲ, ಅಂಕ 45–31. ಅವಮಾನವನ್ನು ನುಂಗಿಕೊಂಡ ಪ್ಯಾಕರ್ಸ್ ಕೋಚ್‌ಗಳು ಆ ಬಿಡುವಿನಲ್ಲಿ ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯಕ್ಕೆ ಹೋಗಿ, ಇಂಥ ಆಟವನ್ನು ತಡೆಯುವ ಬಗೆಯನ್ನು ಕಾಲೇಜು ಕೋಚ್‌ಗಳಿಂದ ಕಲಿತು ಬಂದರು. ದೊಡ್ಡವರು ಚಿಕ್ಕವರ ಬಳಿ ಪಾಠಕ್ಕೆ ಕೂರುವುದು ಈ ಲೀಗ್‌ನಲ್ಲಿ ಅಪರೂಪ, ಮೆಚ್ಚಬೇಕಾದ ನಡೆ. ಅದೇ ವರ್ಷದ ಸೆಪ್ಟೆಂಬರ್ 8ರಂದು ಮತ್ತೆ ಭೇಟಿ. ಯೋಜನೆ ಫಲಿಸಿತು: ಕೇಪರ್ನಿಕ್ ಓಡಿದ್ದು ಬರೀ 22 ಯಾರ್ಡ್. ಆದರೆ ಓಟಕ್ಕೆ ಕಾವಲು ಹಾಕಿದ ಕಡೆಯಿಂದ ತೆರವಾದ ಜಾಗದಲ್ಲಿ ಅವರು 412 ಯಾರ್ಡ್ ಎಸೆದರು. ಅದರಲ್ಲಿ 208 ಯಾರ್ಡ್ ಆನ್‌ಕ್ವಾನ್ ಬೋಲ್ಡಿನ್ ಒಬ್ಬರಿಗೇ. ಸ್ಯಾನ್ ಫ್ರಾನ್ಸಿಸ್ಕೋ 34–28ರಿಂದ ಗೆದ್ದಿತು. ನಾಲ್ಕು ತಿಂಗಳು ಕಳೆದು 2014ರ ಜನವರಿ 5ರಂದು ಗ್ರೀನ್ ಬೇಯ ಕೊರೆಯುವ ಚಳಿಯಲ್ಲಿ ಮೂರನೇ ಸಲ ಎದುರಾದಾಗ ಕೇಪರ್ನಿಕ್ ಪುನಃ 98 ಯಾರ್ಡ್ ಓಡಿದರು, 23–20ರಿಂದ ಗೆದ್ದರು. ಕಾಲಿಗೆ ಕಟ್ಟೆ ಕಟ್ಟಿದರೆ ಕೈಯಿಂದ, ಕೈಗೆ ಕಟ್ಟೆ ಕಟ್ಟಿದರೆ ಕಾಲಿನಿಂದ. ಆ ಮೂರು ಪಂದ್ಯಗಳ ಬಳಿಕ ಯಾವ ಕೋಚ್ ಕೂಡ ‘ಎಸೆಯಲು ಬಿಡಿ’ ಎಂಬ ಮಾತನ್ನು ಹಗುರವಾಗಿ ಆಡಬಾರದಿತ್ತು. 2016ರಲ್ಲಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿ ಪ್ರತಿಭಟಿಸಿದ ಕೇಪರ್ನಿಕ್ ಅವರಿಗೆ ಆ ಸೀಸನ್‌ನ ನಂತರ ಯಾವ ತಂಡವೂ ಆಡುವ ಅವಕಾಶ ಕೊಡಲಿಲ್ಲ. ಅವರನ್ನು ಕೊನೆಗೂ ತಡೆದದ್ದು ಯಾವ ಡಿಫೆನ್ಸೂ ಅಲ್ಲ ಎಂಬ ನೋವು ನಮ್ಮಲ್ಲಿ ಉಳಿದಿದೆ.

2012ರ ಸೀಸನ್‌ನ ದೊಡ್ಡ ನಷ್ಟ ಗ್ರಿಫಿನ್. ಮೊದಲ ಸೀಸನ್‌ನಲ್ಲೇ 815 ಯಾರ್ಡ್ ಓಡಿ, ಹೊಸಬರಲ್ಲಿ ಶ್ರೇಷ್ಠ ಎನಿಸಿಕೊಂಡವರು. ಡಿಸೆಂಬರ್‌ನಲ್ಲಿ ಬಾಲ್ಟಿಮೋರ್ ಎದುರು ಮೊಣಕಾಲಿಗೆ ಪೆಟ್ಟಾಯಿತು. 2013ರ ಜನವರಿ 6ರಂದು ಸಿಯಾಟಲ್ ಎದುರಿನ ಪ್ಲೇಆಫ್‌ನಲ್ಲಿ, ವಾಷಿಂಗ್ಟನ್ 14–0ರಿಂದ ಮುಂದಿದ್ದಾಗಲೇ, ಅವರು ಕುಂಟುತ್ತಿದ್ದದ್ದು ದೇಶಕ್ಕೆಲ್ಲ ಕಾಣುತ್ತಿತ್ತು. ಹಾಳಾದ ಹುಲ್ಲಿನ ಮೇಲೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಜಾರಿದ ಚೆಂಡನ್ನು ಹಿಡಿಯಲು ಬಾಗಿದಾಗ ಆ ಕಾಲು ತಿರುಚಿಕೊಂಡಿತು. ಸಿಯಾಟಲ್ 24–14ರಿಂದ ಗೆದ್ದಿತು. ಗ್ರಿಫಿನ್ ಮೊದಲಿನಂತೆ ಮತ್ತೆಂದೂ ಓಡಲಿಲ್ಲ. ಓಡುವ ಕ್ವಾರ್ಟರ್‌ಬ್ಯಾಕ್‌ನನ್ನು ಸೋಲಿಸುವ ಯೋಜನೆಗಳಲ್ಲಿ ಒಂದು ಮಾತು ಆ ಕಾಲದಲ್ಲಿ ತುಂಬ ಕೇಳಿಬರುತ್ತಿತ್ತು: ಚೆಂಡು ಅವನ ಬಳಿ ಇರಲಿ ಬಿಡಲಿ, ಪ್ರತಿ ಸಲವೂ ಹೊಡೆಯಿರಿ, ಓಡುವ ಆಸೆ ತಾನಾಗಿ ಬತ್ತುತ್ತದೆ. ಆಪ್ಷನ್ ಆಟದಲ್ಲಿ ಓಟಗಾರನಂತೆ ನಟಿಸುವ ಕ್ವಾರ್ಟರ್‌ಬ್ಯಾಕ್‌ನನ್ನು ಓಟಗಾರನಂತೆಯೇ ಕೆಡವಲು ನಿಯಮದ ಅಡ್ಡಿಯೂ ಇರಲಿಲ್ಲ. ನಿಯಮಕ್ಕೆ ಒಳಪಟ್ಟದ್ದೆಲ್ಲವೂ ಯೋಜನೆ ಎನಿಸಿಕೊಳ್ಳುವ ಯೋಗ್ಯತೆ ಪಡೆಯದು. ಎದುರಾಳಿಯ ಮೈ ಮುರಿಯಲಿ ಎಂದು ಕಾಯುವುದು ಬುದ್ಧಿ ಸೋತವರ ಕೊನೆಯ ಆಸರೆ. ಕುಂಟುವವರನ್ನು ಆಡಲು ಬಿಟ್ಟ ಸ್ವಂತ ತಂಡದ ಹೊಣೆಯೂ ಕಡಿಮೆಯದಲ್ಲ.

ನ್ಯೂಟನ್ ಅವರ ಕಥೆ ಚಿಕ್ಕದಾಗಿ ಹೇಳಿದರೆ ಸಾಕು. 2015ರ ಸೀಸನ್‌ನ ಶ್ರೇಷ್ಠ ಆಟಗಾರ, 2016ರ ಫೆಬ್ರವರಿ 7ರ ಸೂಪರ್ ಬೌಲ್‌ನಲ್ಲಿ ವೇಡ್ ಫಿಲಿಪ್ಸ್ ಸಜ್ಜುಗೊಳಿಸಿದ ಡೆನ್ವರ್ ರಕ್ಷಣೆಯ ಎದುರು ಉಸಿರಾಡಲು ಬಿಡುವಿಲ್ಲದೆ 24–10ರಿಂದ ಸೋತರು. ವಾನ್ ಮಿಲ್ಲರ್ ಎರಡು ಸಲ ಅವರ ಕೈಯಿಂದ ಚೆಂಡು ಬೀಳಿಸಿದರು, ಎರಡೂ ಡೆನ್ವರ್‌ನ ಟಚ್‌ಡೌನ್‌ಗೆ ದಾರಿಯಾದವು. ಅಂಚನ್ನು ಕಾಯುತ್ತಲೇ ನುಗ್ಗಬಲ್ಲ ಇಬ್ಬರು ಅಪ್ರತಿಮರು ಎರಡೂ ಬದಿಯಲ್ಲಿದ್ದರೆ ಬೇರೆ ಯೋಜನೆಯೇ ಬೇಡ. ಅಂಥವರು ದಶಕಕ್ಕೊಮ್ಮೆ ಸಿಗುತ್ತಾರೆ.

ಲಮಾರ್ ಜಾಕ್ಸನ್ ಬಂದದ್ದು 2018ರಲ್ಲಿ, ಮೊದಲ ಸುತ್ತಿನ ಕಟ್ಟಕಡೆಯ, 32ನೇ ಆಯ್ಕೆಯಾಗಿ. ಅವರ ಎದುರು ಹೂಡಿದ ಯೋಜನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಆಟದ ಚಿಂತನೆ ಎಷ್ಟು ಬೆಳೆದಿದೆ ಎಂಬುದು ತಿಳಿಯುತ್ತದೆ. 2018ರ ಡಿಸೆಂಬರ್ 22ರಂದು ಬಾಲ್ಟಿಮೋರ್ ರೇವನ್ಸ್ ಎದುರು 22–10ರಿಂದ ಸೋತ ಚಾರ್ಜರ್ಸ್ ತಂಡ, 2019ರ ಜನವರಿ 6ರಂದು ಪ್ಲೇಆಫ್‌ನಲ್ಲಿ ಮತ್ತೆ ಎದುರಾದಾಗ ಕೋಆರ್ಡಿನೇಟರ್ ಗಸ್ ಬ್ರಾಡ್ಲಿ ಲೈನ್‌ಬ್ಯಾಕರ್‌ಗಳ ಜಾಗದಲ್ಲಿ ಸೇಫ್ಟಿಗಳನ್ನು ಇಳಿಸಿ, ಹೆಚ್ಚುಕಡಿಮೆ ಇಡೀ ಪಂದ್ಯವನ್ನು ಏಳು ಡಿಫೆನ್ಸಿವ್ ಬ್ಯಾಕ್‌ಗಳಿಂದ ಆಡಿಸಿದರು. ಹಗುರ ಮೈಯವರ ಮೇಲೆ ರೇವನ್ಸ್ ನುಗ್ಗಿ ಹೋಗಬಹುದಿತ್ತು, ಹೋಗಲಿಲ್ಲ. ಏಳು ಸ್ಯಾಕ್, 23–17. ಜಿಮ್ಮಿ ಜಾನ್ಸನ್ ಮೂವತ್ತು ವರ್ಷ ಹಿಂದೆ ಮಯಾಮಿಯಲ್ಲಿ ಬಿತ್ತಿದ ಬೀಜವದು. ಮರುವರ್ಷ ಜಾಕ್ಸನ್ 1,206 ಯಾರ್ಡ್ ಓಡಿ ವಿಕ್ ದಾಖಲೆ ಮುರಿದರು, ಒಂದೂ ಮತ ತಪ್ಪದೆ ಶ್ರೇಷ್ಠ ಆಟಗಾರನೆನಿಸಿದರು, ರೇವನ್ಸ್ 14 ಪಂದ್ಯ ಗೆದ್ದು ಎರಡನ್ನು ಸೋತಿತು. ಅಂಥ ತಂಡವನ್ನು 2020ರ ಜನವರಿ 11ರಂದು ಟೆನೆಸೀ ಟೈಟನ್ಸ್ ಅದರ ಮನೆಯಂಗಳದಲ್ಲೇ 28–12ರಿಂದ ಸೋಲಿಸಿತು. ಟೈಟನ್ಸ್ ರಕ್ಷಣೆಯ ಹೊಣೆ ಹೊತ್ತವರು ಡೀನ್ ಪೀಸ್, ಎರಡು ವರ್ಷದ ಹಿಂದಿನವರೆಗೂ ರೇವನ್ಸ್‌ನಲ್ಲಿ ಅದೇ ಕೆಲಸ ಮಾಡಿದವರು.

ಆ ಪಂದ್ಯದ ಅಂಕಿಗಳನ್ನು ಮತ್ತೆ ಮತ್ತೆ ನೋಡುವಂತಿದೆ. ಜಾಕ್ಸನ್ ಅಂದು 143 ಯಾರ್ಡ್ ಓಡಿದರು, 365 ಯಾರ್ಡ್ ಎಸೆದರು. ಐನೂರಕ್ಕೂ ಮಿಗಿಲಾಗಿ ಕೊಟ್ಟ ತಂಡ ಹದಿನಾರು ಅಂಕಗಳಿಂದ ಗೆದ್ದದ್ದು ಹೇಗೆ? ಟೈಟನ್ಸ್ ಮೊದಲೇ ಅಂಕ ಗಳಿಸಿ ಮುಂದೆ ಹೋಯಿತು. ಡೆರಿಕ್ ಹೆನ್ರಿ 195 ಯಾರ್ಡ್ ಓಡಿ ಗಡಿಯಾರವನ್ನು ತಿಂದರು. ನಾಲ್ಕನೇ ಡೌನ್‌ನಲ್ಲಿ ಒಂದೇ ಯಾರ್ಡ್ ಬೇಕಿದ್ದಾಗ ಜಾಕ್ಸನ್ ಅವರನ್ನು ಎರಡು ಸಲ ತಡೆಯಲಾಯಿತು. ಹಿಂದೆ ಬಿದ್ದ ರೇವನ್ಸ್ ತನ್ನ ನಿಧಾನದ, ಖಚಿತ ಹೆಜ್ಜೆಯ ಆಟವನ್ನು ಬಿಟ್ಟು 59 ಸಲ ಎಸೆಯಬೇಕಾಯಿತು. ಓಡುವ ಕ್ವಾರ್ಟರ್‌ಬ್ಯಾಕ್‌ನ ತಂಡವನ್ನು ಸೋಲಿಸುವುದೆಂದರೆ ಅವನನ್ನು ನಿಲ್ಲಿಸುವುದಲ್ಲ, ಅವನ ಓಟಕ್ಕೆ ಬೆಲೆಯಿಲ್ಲದಂತೆ ಪಂದ್ಯವನ್ನು ತಿರುಗಿಸುವುದು. ಯಾರ್ಡ್ ಕೊಡು, ಅಂಕ ಕೊಡಬೇಡ. 2022ರ ನವೆಂಬರ್ 6ರಂದು ಶಿಕಾಗೋದ ಜಸ್ಟಿನ್ ಫೀಲ್ಡ್ಸ್ ಮಯಾಮಿ ಎದುರು 178 ಯಾರ್ಡ್ ಓಡಿ ಲೀಗ್ ಹಂತದ ದಾಖಲೆ ಬರೆದ ದಿನವೂ ಅವರ ತಂಡ 35–32ರಿಂದ ಸೋತಿತು. 2024ರ ಜನವರಿ 28ರಂದು ಕಾನ್ಸಾಸ್ ಸಿಟಿ ಚೀಫ್ಸ್ ಇದೇ ಕೆಲಸವನ್ನು ಮತ್ತೆ ಮಾಡಿ ತೋರಿಸಿತು. ಆ ಸೀಸನ್‌ನಲ್ಲಿ ಲೀಗ್‌ನ ಎಲ್ಲರಿಗಿಂತ ಹೆಚ್ಚು ಓಡಿದ್ದ ರೇವನ್ಸ್, ಆರಂಭದಲ್ಲೇ ಹಿಂದೆ ಬಿದ್ದು ತನ್ನ ರನ್ನಿಂಗ್ ಬ್ಯಾಕ್‌ಗಳ ಕೈಗೆ ಚೆಂಡು ಕೊಟ್ಟದ್ದು ಬರೀ ಆರು ಸಲ, 17–10. ಎದುರಾಳಿ ಹೆದರಿ ತನ್ನ ಬಲವನ್ನು ತಾನೇ ಕೈಬಿಡುವಂತೆ ಮಾಡಿದ ಸ್ಟೀವ್ ಸ್ಪ್ಯಾಗ್ನೋಲೊ ಅವರ ಡಿಫೆನ್ಸ್, ನಮ್ಮ ದೃಷ್ಟಿಯಲ್ಲಿ, ಈ ಅರವತ್ತು ವರ್ಷಗಳ ಕಲಿಕೆಯ ಶಿಖರ.

ಆದರೂ ಕಾಲ ಓಡುವವರ ಕಡೆಗೇ ವಾಲಿದೆ. 2023ರ ಫೆಬ್ರವರಿ 12ರ ಸೂಪರ್ ಬೌಲ್‌ನಲ್ಲಿ ಮೊದಲ ಬಾರಿಗೆ ಎರಡೂ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳು ಕಪ್ಪು ವರ್ಣೀಯರಾಗಿದ್ದರು. ಈಗಲ್ಸ್‌ನ ಜೇಲನ್ ಹರ್ಟ್ಸ್ 70 ಯಾರ್ಡ್, ಮೂರು ಟಚ್‌ಡೌನ್ ಓಡಿಯೂ 38–35ರಿಂದ ಸೋತರು. ಗೆಲುವಿನ ಕಿಕ್‌ಗೆ ದಾರಿ ಮಾಡಿದ್ದು, ನೋಯುವ ಕಾಲಿನಲ್ಲಿಯೇ ಪ್ಯಾಟ್ರಿಕ್ ಮಹೋಮ್ಸ್ ಓಡಿದ 26 ಯಾರ್ಡ್. ಅದೇ ವರ್ಷದ ಏಪ್ರಿಲ್‌ನಲ್ಲಿ ರೇವನ್ಸ್ ಜಾಕ್ಸನ್ ಅವರೊಡನೆ ಐದು ವರ್ಷಕ್ಕೆ 26 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ವ್ಯಾನ್ ಬ್ರಾಕ್ಲಿನ್ ಕಾಲದ ಅಪನಂಬಿಕೆ ಅಲ್ಲಿಗೆ ಮುಗಿಯಿತು ಎನ್ನಬೇಕು. 2024ರ ಸೀಸನ್‌ನಲ್ಲಿ ಜಾಕ್ಸನ್ ಒಟ್ಟು ಓಟದಲ್ಲಿ ವಿಕ್ ಅವರ 6,109 ಯಾರ್ಡ್ ದಾಟಿದರು, ಅದರ ಜೊತೆಗೆ 41 ಟಚ್‌ಡೌನ್ ಎಸೆದರು. 2025ರ ಫೆಬ್ರವರಿ 9ರಂದು ಹರ್ಟ್ಸ್ ನ್ಯೂ ಆರ್ಲಿಯನ್ಸ್‌ನಲ್ಲಿ 72 ಯಾರ್ಡ್ ಓಡಿ, ಚೀಫ್ಸ್ ತಂಡವನ್ನು 40–22ರಿಂದ ಸೋಲಿಸಿ, ಪಂದ್ಯದ ಶ್ರೇಷ್ಠ ಆಟಗಾರನೆನಿಸಿದರು. ಆ ರಾತ್ರಿ ಮಹೋಮ್ಸ್ ಅವರನ್ನು ಆರು ಸಲ ಕೆಡವಿದ ಈಗಲ್ಸ್ ಡಿಫೆನ್ಸ್ ಒಂದೇ ಒಂದು ಸಲವೂ ಬ್ಲಿಟ್ಜ್ ಮಾಡಲಿಲ್ಲ ಎಂಬುದನ್ನು ಮರೆಯಬಾರದು. ನಾಲ್ವರು ತಮ್ಮ ತಮ್ಮ ದಾರಿ ಬಿಡದೆ ನುಗ್ಗಿದರು, ಏಳು ಮಂದಿ ಜಾಗ ಬಿಡದೆ ನಿಂತರು. ಜಿಮ್ ಜಾನ್ಸನ್ ಇಪ್ಪತ್ತು ವರ್ಷ ಹಿಂದೆ ಅದೇ ಊರಿನ ತಂಡಕ್ಕೆ ಕಲಿಸಿದ ತಾಳ್ಮೆಯಿದು.

ಗಳಿಕೆ ದೊಡ್ಡದು. ಓಡುವವನು ಯೋಚಿಸಲಾರ ಎಂಬ ಸುಳ್ಳು ಸತ್ತಿದೆ, ಡಿಫೆನ್ಸ್ ಎಂದರೆ ಬಲವಷ್ಟೇ ಅಲ್ಲ, ಅದೊಂದು ಬುದ್ಧಿಯ ಕೆಲಸ ಎಂಬ ಗೌರವ ಬಂದಿದೆ. ಕಳೆದುಕೊಂಡದ್ದರಲ್ಲಿ ಬ್ರಿಸ್ಕೋ ಅವರ ಕ್ವಾರ್ಟರ್‌ಬ್ಯಾಕ್ ವರ್ಷಗಳಿವೆ, ಗ್ರಿಫಿನ್ ಅವರ ಮೊಣಕಾಲಿದೆ. ಕೋಚ್‌ಗಳಲ್ಲಿ ನಮ್ಮ ವಿನಂತಿ ಒಂದೇ: ಅಂಚು ಕಾಯುವುದನ್ನು ಕಲಿಸಿ, ಕಾಲು ಮುರಿಯುವುದನ್ನು ಕಲಿಸಬೇಡಿ. ಹೈಸ್ಕೂಲು ತಂಡಗಳಲ್ಲಿ ಆಡುವ ಮಕ್ಕಳಿರುವ ಕನ್ನಡ ಮನೆಗಳು ಈಗ ಹಲವಿವೆ. ಆ ತಂದೆತಾಯಂದಿರು ತಮ್ಮ ಊರಿನ ಕೋಚ್‌ಗೆ ಈ ಮಾತನ್ನು ಮುಖಾಮುಖಿ ಹೇಳಲು ಹಿಂಜರಿಯಬಾರದು. ಓದುಗರಲ್ಲಿಯೂ ಒಂದು ಕೋರಿಕೆ. ಬರುವ ಸೆಪ್ಟೆಂಬರ್‌ನಲ್ಲಿ ಆಟ ಶುರುವಾದಾಗ, ಕ್ವಾರ್ಟರ್‌ಬ್ಯಾಕ್ ಓಡತೊಡಗಿದ ಕೂಡಲೇ ಅವನನ್ನೇ ನೋಡಬೇಡಿ. ಆಸೆಗೆ ಬೀಳದೆ ಅಂಚಿನಲ್ಲಿ ನಿಂತ ಡಿಫೆನ್ಸಿವ್ ಎಂಡ್‌ನ ಕಾಲುಗಳನ್ನು ನೋಡಿ. ಪಂದ್ಯ ಯಾರ ಕಡೆಗೆ ಹೋಗುತ್ತಿದೆ ಎಂಬುದು ಅಲ್ಲಿ ಮೊದಲು ತಿಳಿಯುತ್ತದೆ.